ಬಲ್ಕಿಂಗ್ ಭೈಯ್ಯಾ

ಔರಾದ, ಭಾಲ್ಕಿ, ಬೀದರ, ಈ ಮೂರರಲ್ಲಿ ಯಾವ ಊರಿನ ಜಿಮ್ಮಿಗೆ ಹೋದರೂ ಒಬ್ಬ ಬಲ್ಕಿಂಗ್ ಭೈಯ್ಯಾ ಇದ್ದೇ ಇರುತ್ತಾನೆ. ವಯಸ್ಸು ಇಪ್ಪತ್ತರ ಮೇಲೆ, ಇಪ್ಪತ್ತೈದರ ಒಳಗೆ. ಟೀ ಶರ್ಟು ಎರಡು ಸೈಜು ದೊಡ್ಡದು. ಮುಂದೆ ಬರಲಿರುವ ಮೈಗೆ ಈಗಲೇ ಜಾಗ ಕಾದಿರಿಸಿಟ್ಟಿದ್ದಾನೆ. ಅವನನ್ನು ಕಾಡುವುದು ಒಂದೇ ಪ್ರಶ್ನೆ: ‘ತೂಕ ಏರಿಸ್ಲೋ, ಇಳಿಸ್ಲೋ?’ ದಸರೆ ಮುಗಿಯುತ್ತಲೇ ಬಲ್ಕಿಂಗ್, ಅಂದರೆ ತಿಂದು ತೂಕ ಏರಿಸುವ ಕೆಲಸ, ಘೋಷಣೆಯಾಗುತ್ತದೆ. ಎಳ್ಳಮಾಸಿಯ ದಿನ ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಎದುರಿಗೆ ಬಂದಾಗ ಆ ಘೋಷಣೆ ಬಹಳ ದೂರದೃಷ್ಟಿಯದೆಂದು ಅವನಿಗೇ ಅನಿಸುತ್ತದೆ. ಲಗ್ನದ ಸೀಜನ್ನಿನಲ್ಲಿ ಗೆಳೆಯನ ಮೆರವಣಿಗೆಗೆಂದು ತೆಗೆದ ಶರ್ಟಿನ ಗುಂಡಿ ಕೂಡದೆ ಹೋದಾಗ ಕಟಿಂಗ್, ಅಂದರೆ ತೂಕ ಇಳಿಸುವುದು, ಶುರು. ಹೀಗೆ ಏರಿ, ಇಳಿದು, ಮುಂದಿನ ದಸರೆಗೆ ಹಳೆಯ ತೂಕಕ್ಕೇ ಬಂದು ನಿಲ್ಲುತ್ತಾನೆ. ಅವನು ಎತ್ತುವ ಕಬ್ಬಿಣವೂ ಹಳೆಯದೇ. ಸಲಹೆಗೇನೂ ಬರವಿಲ್ಲ. ಇದು ಮಹಾರಾಷ್ಟ್ರಕ್ಕೂ ತೆಲಂಗಾಣಕ್ಕೂ ಅಂಟಿಕೊಂಡಿರುವ ಸೀಮೆ. ಉದಗೀರಿನ ಗೆಳೆಯ ಮರಾಠಿಯಲ್ಲಿ ಏರಿಸು ಎನ್ನುತ್ತಾನೆ, ಮೊಬೈಲಿನ ರೀಲು ಹಿಂದಿಯಲ್ಲಿ ಇಳಿಸು ಎನ್ನುತ್ತದೆ, ಮನೆಯಲ್ಲಿ ಆಯಿ ಮಾತ್ರ ಕನ್ನಡದಲ್ಲಿ ‘ಎಷ್ಟ್ ಸೊರಗೀದಿಯೋ ತಮ್ಮಾ’ ಎಂದು ಇನ್ನೊಂದು ರೊಟ್ಟಿ ಬಡಿಸುತ್ತಾಳೆ. ಕೊನೆಗೆ ಗೆಲ್ಲುವುದು ಆಯಿಯ ಪಕ್ಷವೇ.

ಭೈಯ್ಯಾನನ್ನು ನೋಡಿ ನಗುವುದು ಸುಲಭ. ಆದರೆ ಅವನು ಸೋಮಾರಿಯಲ್ಲ, ಅವನ ಪ್ರಶ್ನೆಯೂ ಹುಸಿಯಲ್ಲ. ನ್ಯಾಯ ಕೇಳಲು ಅವನು ಹೋಗುವ ಜಾಗ ಮಾತ್ರ ತಪ್ಪು. ತೂಕದ ಕಾಂಟಾದ ಮೇಲೆ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಹತ್ತುತ್ತಾನೆ. ಅರ್ಧ ಕಿಲೋ ಹೆಚ್ಚು ತೋರಿಸಿದರೆ ತೋಳು ಮಡಚಿ ನೋಡಿಕೊಳ್ಳುತ್ತಾನೆ. ಆ ಅರ್ಧ ಕಿಲೋ ಆಗಷ್ಟೇ ಕುಡಿದ ನೀರಿರಬಹುದು, ಸುಸಲಾ–ಮಿರ್ಚಿ ಭಜಿಯ ಉಪ್ಪು ಹಿಡಿದಿಟ್ಟ ನೀರೂ ಇರಬಹುದು. ಕಾಂಟಾಕ್ಕೆ ಮಾಂಸ, ಕೊಬ್ಬು, ನೀರು ಎಂಬ ಭೇದವಿಲ್ಲ. ಇದನ್ನು ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯಡ್ಕಿನ್ 2004ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ಫೋಟೊ ಹಾಕಿಯೇ ತೋರಿಸಿಕೊಟ್ಟರು. ಎತ್ತರಕ್ಕೆ ತೂಕದ ಲೆಕ್ಕ ಹಾಕುವ ಬಿಎಂಐ ಇಬ್ಬರದೂ 22.3. ನೋಡಲು ಇಬ್ಬರೂ ಸಣ್ಣಗಿನವರೇ. ಆದರೆ ಮೈಯೊಳಗಿನ ಕೊಬ್ಬು ಯಡ್ಕಿನ್ ಅವರಲ್ಲಿ ಶೇ 9.1, ನಮ್ಮ ಯಾಜ್ಞಿಕ್ ಅವರಲ್ಲಿ ಶೇ 21.2. ಸಣ್ಣ ಕೈಕಾಲು, ಒಳಗೆ ಸದ್ದಿಲ್ಲದೆ ಬೆಳೆಯುವ ಹೊಟ್ಟೆ ಎಂಬುದು ನಮ್ಮ ದೇಶದವರಲ್ಲಿ ಬಹಳ ಕಾಣುವ ಮೈಕಟ್ಟು. ದನದ ಜಾತ್ರೆಯಲ್ಲಿ ದೇವಣಿ ಎತ್ತು ಕೊಳ್ಳುವ ಔರಾದಿನ ರೈತ ಕೂಡ ಎಷ್ಟು ಕಿಲೋ ಎಂದು ಕೇಳುವುದಿಲ್ಲ. ಹೆಗಲು ನೋಡುತ್ತಾನೆ, ನಡಿಗೆ ನೋಡುತ್ತಾನೆ, ಕಟ್ಟಿ ಎಳೆಸಿ ನೋಡುತ್ತಾನೆ. ಅಪ್ಪ ಎತ್ತಿಗೆ ತೋರಿಸುವ ಈ ವಿವೇಕವನ್ನು ಮಗ ತನ್ನ ಮೈಗೂ ತೋರಿಸಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಉಳಿದರ್ಧ ಗೊಂದಲ ಒಂದು ನಂಬಿಕೆಯದು: ಹೆಚ್ಚು ತಿಂದಷ್ಟೂ ಹೆಚ್ಚು ಮಾಂಸ. ನಾರ್ವೆಯ ಉನ್ನತ ಮಟ್ಟದ ಕ್ರೀಡಾಪಟುಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ನಂಬಿಕೆಯನ್ನೇ ಪರೀಕ್ಷಿಸಿತು. ಒಂದು ಗುಂಪಿಗೆ ತೂಕ ಏರುವ ಹಾಗೆ ಲೆಕ್ಕ ಹಾಕಿದ ಊಟ, ಇನ್ನೊಂದಕ್ಕೆ ಹಸಿವೆ ಕೇಳಿದಷ್ಟು. ಹೆಚ್ಚು ತಿಂದವರ ತೂಕವೇನೋ ಹೆಚ್ಚು ಏರಿತು, ಆದರೆ ಎದ್ದು ಕಂಡ ವ್ಯತ್ಯಾಸ ಕೊಬ್ಬಿನದು. ಮಾಂಸದ ಗಳಿಕೆಯಲ್ಲಿ ಸ್ಪಷ್ಟ ಅಂತರ ಸಿಗಲಿಲ್ಲ. ಇದಕ್ಕೆ ಎದುರು ತುದಿಯ ಪ್ರಯೋಗ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ್ದು, 2016ರಲ್ಲಿ ಪ್ರಕಟವಾದದ್ದು. ಮೈಯಲ್ಲಿ ಕೊಬ್ಬು ಹೆಚ್ಚಿದ್ದ ಯುವಕರಿಗೆ ನಾಲ್ಕು ವಾರ ಊಟದ ಕ್ಯಾಲೊರಿಯನ್ನು ಶೇ 40ರಷ್ಟು ಕಡಿತ ಮಾಡಿ, ಕಠಿಣ ವ್ಯಾಯಾಮ ಮಾಡಿಸಿದರು. ಪ್ರೋಟೀನು ಹೆಚ್ಚಾಗಿ ತಿಂದವರಲ್ಲಿ ಸರಾಸರಿ 4.8 ಕಿಲೋ ಕೊಬ್ಬು ಕರಗಿತು, ಕೊಬ್ಬಿಲ್ಲದ ಮೈ 1.2 ಕಿಲೋ ಬೆಳೆಯಿತು. ಅಂದರೆ ತೂಕ ಇಳಿಯುತ್ತಿರುವಾಗಲೂ ಮಾಂಸ ಬೆಳೆಯಬಲ್ಲದು, ಮೈಯಲ್ಲಿ ಕೊಬ್ಬಿನ ದಾಸ್ತಾನು ಇದ್ದರೆ, ವ್ಯಾಯಾಮ ಹೊಸದಾಗಿದ್ದರೆ. ಹೊಟ್ಟೆ ಬಂದಿರುವ ಭೈಯ್ಯಾ ಬಲ್ಕಿಂಗ್ ಮಾಡುತ್ತೇನೆಂದು ಹೊರಡುವುದು ತುಂಬಿದ ಕಣಜ ಮನೆಯಲ್ಲಿಟ್ಟುಕೊಂಡೇ ಸಾಲ ಮಾಡಿದ ಹಾಗಾಯಿತು.

ಇಲ್ಲಿ ತಾಲೀಮಿನ ಹಿರಿಯ ಕಾಕಾ ಒಬ್ಬರು ಎದ್ದು ಆಕ್ಷೇಪ ಎತ್ತುತ್ತಾರೆ. ‘ನಮ್ಮ ಕಾಲ್ದಾಗ ಪೈಲ್ವಾನ್ರು ಹಾಲು, ತುಪ್ಪ, ಬದಾಮಿ ಹೊಡದು ಮೈ ಬೆಳಸ್ಲಿಲ್ಲೇನು? ಮೈಯಾಗ ತೂಕ ಇಲ್ದೆ ಅಖಾಡದಾಗ ಏನ್ ಮಾಡ್ತಿ?’ ಕಾಕಾ ಹೇಳುವುದರಲ್ಲಿ ಸುಳ್ಳಿಲ್ಲ. ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಕಡಗದ ಕುಸ್ತಿಗೆ ಮುಗಿಯುವ ಜಾತ್ರೆಯ ಅಖಾಡದಲ್ಲಿ ಜೋಡಿ ಹಚ್ಚುವುದು ಕಣ್ಣಳತೆಯಲ್ಲಿ. ಅಲ್ಲಿ ಭಾರವಿದ್ದವನಿಗೆ ಲಾಭವಿದೆ. ಆದರೆ ಆ ಪೈಲ್ವಾನರು ನಸುಕಿನಲ್ಲೆದ್ದು ನೂರಾರು ದಂಡ, ನೂರಾರು ಬೈಠಕ್ ಹೊಡೆದು, ಮಣ್ಣಿನಲ್ಲಿ ತಾಸುಗಟ್ಟಲೆ ಹೊರಳಿದ ಮೇಲೆ ಆ ತುಪ್ಪ ಕುಡಿಯುತ್ತಿದ್ದರು. ಭೈಯ್ಯಾ ತುಪ್ಪದ ಭಾಗವನ್ನು ಪರಂಪರೆಯಿಂದ ತೆಗೆದುಕೊಂಡು, ಬೈಠಕ್ಕಿನ ಭಾಗವನ್ನು ಇತಿಹಾಸಕ್ಕೆ ಬಿಟ್ಟುಕೊಟ್ಟಿದ್ದಾನೆ. ಸೆಟ್ಟು ಸೆಟ್ಟಿನ ನಡುವೆ ಅವನು ತೆಗೆದುಕೊಳ್ಳುವ ಫೋಟೊಗಳಿಗೆ ಅಷ್ಟೊಂದು ಕ್ಯಾಲೊರಿ ಬೇಕಾಗುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ: ತೂಕ ಹೆಚ್ಚಿದವರು ಹೆಚ್ಚು ಎತ್ತುತ್ತಾರೆ, ಹಾಗಿಲ್ಲದಿದ್ದರೆ ಸ್ಪರ್ಧೆಗಳಲ್ಲಿ ತೂಕದ ವಿಭಾಗಗಳೇ ಇರುತ್ತಿರಲಿಲ್ಲ. ಒಪ್ಪಬೇಕಾದ ಮಾತು. ನಮ್ಮ ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿಯವರನ್ನೇ ನೋಡಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಪಡೆದರು. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚು ಗೆದ್ದರು. ಇನ್ನೂ ಹಿಂದಕ್ಕೆ ಹೋದರೆ ಸಾತಾರಾ ಜಿಲ್ಲೆಯ ಕುಸ್ತಿಪಟು ಖಾಶಾಬಾ ಜಾಧವ್ ಸಿಗುತ್ತಾರೆ: 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ 52 ಕಿಲೋ ವಿಭಾಗದಲ್ಲಿ ಆರನೆಯ ಸ್ಥಾನ, 1952ರ ಹೆಲ್ಸಿಂಕಿಯಲ್ಲಿ 57 ಕಿಲೋ ವಿಭಾಗದಲ್ಲಿ ಕಂಚು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಇಬ್ಬರೂ ಮೇಲಿನ ವಿಭಾಗಕ್ಕೆ ಹೋದದ್ದು ನಿಜ. ಎಷ್ಟು ಹೋದರು ಎಂಬುದನ್ನು ಭೈಯ್ಯಾ ಗಮನಿಸಬೇಕು: ವಿಭಾಗದ ಮಿತಿ ಏರಿದ್ದು ಐದು ಕಿಲೋ, ನಡುವೆ ಕಳೆದದ್ದು ನಾಲ್ಕು ವರ್ಷ. ಅದೇ ಐದು ಕಿಲೋವನ್ನು ನಮ್ಮ ಭೈಯ್ಯಾ ದಸರೆಯಿಂದ ಎಳ್ಳಮಾಸಿಯೊಳಗೆ ಮುಗಿಸುತ್ತಾನೆ. ವೇಗದಲ್ಲಿ ಅವನನ್ನು ಮೀರಿಸಿದವರಿಲ್ಲ. ಪದಕ ಮಾತ್ರ ಬರುವುದಿಲ್ಲ.

ಹಾಗಾದರೆ ಯಾರೂ ತೂಕ ಏರಿಸಬಾರದೇ? ಅದೂ ತಪ್ಪು. ಎಲುಬು ಎಣಿಸಬಹುದಾದಷ್ಟು ಸಣಕಲಾಗಿದ್ದು, ತಿಂಗಳುಗಟ್ಟಲೆ ಸರಿಯಾಗಿ ವ್ಯಾಯಾಮ ಮಾಡಿದರೂ ಎತ್ತುವ ಭಾರ ಏರದೆ ನಿಂತವನು ಖಂಡಿತ ಏರಿಸಬೇಕು, ಆದರೆ ನಿಧಾನವಾಗಿ. 60 ಕಿಲೋದ ಹುಡುಗನಿಗೆ ವಾರಕ್ಕೆ 150ರಿಂದ 300 ಗ್ರಾಂ ಸಾಕು. ‘ನಮ್ಮ ಊಟದಾಗ ಪ್ರೋಟೀನ್ ಎಲ್ಲದ ಭೈಯ್ಯಾ, ಡಬ್ಬಿ ಬೇಕೇ ಬೇಕು’ ಎಂಬುದು ಮೂರನೆಯ ಆಕ್ಷೇಪ. 49 ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯ ಪ್ರಕಾರ ಮೈತೂಕದ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನಿನ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. 60 ಕಿಲೋದವನಿಗೆ ಅದು 96 ಗ್ರಾಂ. ಈಗ ತಟ್ಟೆ ನೋಡಿ. ನಾಲ್ಕು ಜೋಳದ ರೊಟ್ಟಿಯಲ್ಲಿ ಸುಮಾರು 24 ಗ್ರಾಂ, ನೂರು ಗ್ರಾಂ ತೊಗರಿಬೇಳೆಯಲ್ಲಿ 22, ಅರ್ಧ ಲೀಟರು ಹಾಲಿನಲ್ಲಿ 16, ಐವತ್ತು ಗ್ರಾಂ ಶೇಂಗಾದಲ್ಲಿ 12, ಎರಡು ಮೊಟ್ಟೆಯಲ್ಲಿ 12, ಚೆನ್ನಾಗಿ ಬೇಯಿಸಿದ ಒಂದು ಮುಷ್ಟಿ ಸೋಯಾ ಕಾಳಿನಲ್ಲಿ 11. ಲೆಕ್ಕ ಮುಗಿಯಿತು, ಡಬ್ಬಿ ತೆರೆಯಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿಯೂ ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡವೆಂದೇ ಹೇಳಿದೆ. ಬೀದರ ಜಿಲ್ಲೆ ಸೋಯಾ ಬೆಳೆಯುವ ನೆಲ; ಅಪ್ಪ ಅದನ್ನು ಕ್ವಿಂಟಲ್‌ಗಟ್ಟಲೆ ಮಾರ್ಕೆಟ್ಟಿಗೆ ಹಾಕಿ ಬಂದ ಹಣದಲ್ಲಿ ಮಗ ಒಂದು ಡಬ್ಬಿ ಪ್ರೋಟೀನು ತರುವುದು ನಮ್ಮ ಅರ್ಥಶಾಸ್ತ್ರದ ಪಠ್ಯಕ್ಕೆ ಸೇರಬೇಕಾದ ಅಧ್ಯಾಯ.

ಆದ್ದರಿಂದ ಭೈಯ್ಯಾನಿಗೆ ತೀರ್ಪು ಹೀಗಿದೆ. ಕಾಂಟಾದಿಂದ ಇಳಿದು ದರ್ಜಿಯ ಹತ್ತಿರ ಹೋಗಿ ಟೇಪು ಇಸಿದುಕೋ. ಸೊಂಟದ ಸುತ್ತಳತೆ 90 ಸೆಂಟಿಮೀಟರು ದಾಟಿದ್ದರೆ ಬಲ್ಕಿಂಗ್ ಮಾತೇ ಬೇಡ. ಕ್ಯಾಲೊರಿ ಇಳಿಸು, ಬೇಳೆ ಹೆಚ್ಚಿಸು, ಭಾರ ಎತ್ತು. ಸೊಂಟ ಸಣ್ಣದಿದ್ದು ಎತ್ತುವ ಭಾರ ತಿಂಗಳು ತಿಂಗಳು ಏರುತ್ತಿದ್ದರೆ ಏನನ್ನೂ ಬದಲಿಸಬೇಡ. ಸೊಂಟವೂ ಸಣ್ಣದು, ಭಾರವೂ ನಿಂತಿದೆ ಎಂದಾದರೆ ಮಾತ್ರ ದಿನಕ್ಕೆ ಒಂದೆರಡು ರೊಟ್ಟಿ, ಒಂದು ಗ್ಲಾಸು ಹಾಲು ಹೆಚ್ಚಿಸು; ಆಗ ಟೇಪು ಬೇಗ ಏರಿತೆಂದರೆ ನಿಲ್ಲಿಸು. ಮೂರರಲ್ಲಿ ಯಾವುದನ್ನು ಆರಿಸಿಕೊಂಡರೂ ಆರು ತಿಂಗಳು ಅದಕ್ಕೇ ಅಂಟಿಕೊಂಡಿರು, ನಡುವೆ ಎಷ್ಟೇ ಲಗ್ನ ಬರಲಿ. ಆಯಿ ಬಡಿಸುವ ಇನ್ನೊಂದು ರೊಟ್ಟಿಗೆ ಬೇಡವೆನ್ನಲು ಧೈರ್ಯ ಸಾಲದಿದ್ದರೆ ತಿನ್ನು, ತಿಂದು ಎರಡು ಸೆಟ್ಟು ಬೈಠಕ್ ಹೆಚ್ಚು ಹೊಡೆ.