ಬಂತು, ಕಳಿಸಿದೆ

ಬೆಳಗಿನ ಐದೂಮುಕ್ಕಾಲಿಗೆ ನಮ್ಮ ಬಡಾವಣೆಯಲ್ಲಿ ಮೂರು ಸದ್ದು ಕೇಳುತ್ತವೆ. ಹಾಲಿನ ಹುಡುಗನ ಮೊಪೆಡ್ಡಿನದು ಒಂದು, ಮೂಲೆಮನೆಯ ಸಂಪಿನ ಮೋಟರಿನದು ಇನ್ನೊಂದು. ಮೂರನೆಯದು ನನ್ನ ದಿಂಬಿನಡಿಯ ಫೋನಿನ ‘ಟಿಣ್’. ರಾಯರು ಎದ್ದರು ಎಂದರ್ಥ. ಗುಲಾಬಿಯ ಮೇಲೆ ಇಬ್ಬನಿ, ಇಬ್ಬನಿಯ ಮೇಲೆ ಶುಭೋದಯ, ಅದರ ಕೆಳಗೆ ವಿವೇಕಾನಂದರು ಖಂಡಿತ ಹೇಳಿರಲಾರದ ಒಂದು ಮಾತು, ಮಾತಿನ ಕೆಳಗೆ ವಿವೇಕಾನಂದರ ಹೆಸರು. ಗುಲಾಬಿ ದಿನಾ ಬದಲಾಗುತ್ತದೆ, ಇಬ್ಬನಿ ಮಾತ್ರ ಬೇಸಿಗೆಯಲ್ಲೂ ಆರುವುದಿಲ್ಲ.

ಇದು ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನ ಸುದ್ದಿ. ಮೈಸೂರಿನ ಹೊರವಲಯ, 186 ಮಂದಿ ಸದಸ್ಯರು. ಹತ್ತು ವರ್ಷದ ಹಿಂದೆ ಇದು ಹುಟ್ಟಿದ್ದು ನೀರಿನ ಸಲುವಾಗಿ. “ನೀರು ಬಂತಾ?” ಎಂದು ಒಬ್ಬರು ಕೇಳಬೇಕು, “ಬಂತು, ಸಣ್ಣಗೆ” ಎಂದು ಇನ್ನೊಬ್ಬರು ಹೇಳಬೇಕು. ಅಷ್ಟೇ ಕೆಲಸ. ಪ್ರಶ್ನೆ ಈಗಲೂ ಬರುತ್ತದೆ. ಆದರೆ ಅದು ರಾಯರ ಇಪ್ಪತ್ತು ಸಂದೇಶಗಳ ಮಧ್ಯೆ ಸಿಕ್ಕಿಕೊಂಡು, ಯಾರಾದರೂ ಕಂಡು ಉತ್ತರ ಕೊಡುವಷ್ಟರಲ್ಲಿ ನೀರು ನಿಂತಿರುತ್ತದೆ.

ಇಷ್ಟೆಲ್ಲ ಸದ್ದು ಮಾಡುವ ಮನುಷ್ಯ ಎದುರಿಗೆ ಸಿಕ್ಕರೆ ಮೌನಿ. ಅರ್ಧತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಫೋನು, ಫೋನಿಗೊಂದು ಪುಸ್ತಕದಂತೆ ತೆರೆಯುವ ಕಪ್ಪು ಕವರು, ಕವರಿನ ಒಳಗೆ ಮಂತ್ರಾಲಯದ ಗುರುಗಳ ಸಣ್ಣ ಪಟ. ಓದುವಾಗ ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಕೈಯಳತೆಯ ದೂರಕ್ಕೆ ಹಿಡಿದು, ಹಪ್ಪಳದ ಹಿಟ್ಟಿಗೆ ಎಣ್ಣೆ ಸವರಿದ ಹಾಗೆ ತೋರುಬೆರಳಿನಿಂದ ಸವರುತ್ತಾರೆ. “ಹೇಗಿದ್ದೀರಿ ರಾಯರೇ?” ಎಂದರೆ, “ಕಳಿಸಿದೀನಿ, ನೋಡಿ” ಎಂದು ಮುಂದೆ ಹೋಗುತ್ತಾರೆ.

ಮಳೆಗಾಲದಲ್ಲಿ ಅವರ ಕೈಗೆ ಬಿಡುವೇ ಇಲ್ಲ. ಕೆಆರ್‌ಎಸ್‌ಗೆ ಎಷ್ಟು ಅಡಿ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬುದು ತಿಂಡಿಗೆ ಮುಂಚೆ ಒಮ್ಮೆ, ಊಟಕ್ಕೆ ಮುಂಚೆ ಒಮ್ಮೆ. 124.80 ಅಡಿಗೆ ಕಟ್ಟೆ ತುಂಬಿದ ದಿನ ಅವರು ಕಳಿಸುವ ವಿಡಿಯೋಗಳನ್ನು ನೋಡಿದರೆ ಕಾವೇರಿಯನ್ನು ಕೈಹಿಡಿದು ನಡೆಸಿಕೊಂಡು ಬಂದವರು ಇವರೇ ಇರಬೇಕು ಅನ್ನಿಸುತ್ತದೆ. 2025ರಲ್ಲಿ ಜೂನ್ ತಿಂಗಳಲ್ಲೇ ಕಟ್ಟೆ ತುಂಬಿಬಿಟ್ಟಿತು. ಅವತ್ತು ನಮ್ಮ ನಲ್ಲಿಯಲ್ಲಿ ನೀರು ಬಂದಿರಲಿಲ್ಲ ಎಂಬುದನ್ನು ಗುಂಪಿನಲ್ಲಿ ಹೇಳಲು ಯಾರಿಗೂ ಧೈರ್ಯ ಬರಲಿಲ್ಲ. ಅಂಥ ಸಂಭ್ರಮ.

ಹಾಗಂತ ಎಲ್ಲವೂ ಅಣೆಕಟ್ಟಿನ ಅಂಕಿಯಷ್ಟು ಗಟ್ಟಿಯಲ್ಲ. 2016ರ ನವೆಂಬರಿನಲ್ಲಿ ಹೊಸ ಎರಡು ಸಾವಿರದ ನೋಟು ಬಂದಾಗ, ಅದರೊಳಗೆ ಸೂಕ್ಷ್ಮ ಚಿಪ್ ಇದೆ, ನೆಲದೊಳಗೆ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಎಂಬ ಸಂದೇಶ ದೇಶವೆಲ್ಲ ಸುತ್ತಿತಲ್ಲ, ನಮ್ಮ ಬಡಾವಣೆಗೆ ಅದನ್ನು ತಲುಪಿಸಿದವರು ರಾಯರು. ಚಿಪ್ ಗಿಪ್ ಏನೂ ಇಲ್ಲವೆಂದು ತಿಳಿದ ಮೇಲೂ ಆ ಸಂದೇಶ ಎರಡು ಸಲ ಬಂತು. ಆಮೇಲೆ 2023ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಆ ನೋಟನ್ನು ಹಿಂದಕ್ಕೆ ಪಡೆಯುತ್ತೇವೆ ಎಂದು ಹೇಳಿದ ಮಾರನೆಯ ದಿನ ರಾಯರ ಮನೆಯವರು ಅಡುಗೆಮನೆಗೆ ಹೋಗಿ, ತೊಗರಿಬೇಳೆ ಡಬ್ಬಿಯ ತಳದಿಂದ ಮೂರು ನೋಟು ತಂದು ಅವರ ಮುಂದಿಟ್ಟರಂತೆ. ಆಕಾಶದಿಂದ 120 ಮೀಟರ್ ಆಳಕ್ಕೆ ಕಾಣುವ ನೋಟು ಆರೂವರೆ ವರ್ಷ ಸ್ವಂತ ಮನೆಯ ಬೇಳೆ ಡಬ್ಬಿಯಲ್ಲಿದ್ದದ್ದು ರಾಯರಿಗೆ ಗೊತ್ತಿರಲಿಲ್ಲ. ಇದನ್ನು ನಮಗೆ ಹೇಳಿದವರು ಆಕೆಯೇ, ನಗುತ್ತ, ಕಾಂಪೌಂಡಿನ ಆಚೆಯಿಂದ. ಇನ್ನೊಂದು ಮಾತನ್ನೂ ಸೇರಿಸಿದರು: “ಮಂಡಿನೋವಿಗೆ ಅಂತ ಇವರು ಕಳಿಸಿದ್ದ ಕಷಾಯ ಕುಡಿದು ನನಗೆ ಮೂರು ದಿನ ಹೊಟ್ಟೆ ಕೆಟ್ಟಿತ್ತು ಕಣ್ರೀ. ಇವರು ಒಂದು ಗುಟುಕು ಮುಟ್ಟಲಿಲ್ಲ.”

ಇದೇ ನನಗೆ ಬಹಳ ದಿನ ಬಗೆಹರಿಯದ ಒಗಟಾಗಿತ್ತು. ರಾಯರು ತಾವು ಕಳಿಸುವುದನ್ನು ನಂಬುವುದಿಲ್ಲ. ಸಕ್ಕರೆ ಕಾಯಿಲೆಗೆ ಬೆಂಡೆಕಾಯಿ ನೀರು ಎಂದು ಊರಿಗೆಲ್ಲ ಸಾರಿ, ತಾವು ತಪ್ಪದೆ ಮಾತ್ರೆ ನುಂಗುತ್ತಾರೆ. ಗ್ರಹಣದ ಹೊತ್ತಿನಲ್ಲಿ ಏನನ್ನೂ ತಿನ್ನಬಾರದು ಎಂದು ಕಳಿಸುತ್ತಾ ಕಳಿಸುತ್ತಾ ಚಕ್ಕುಲಿ ಮುರಿಯುತ್ತಾರೆ, ನಾನು ಕಣ್ಣಾರೆ ಕಂಡಿದ್ದೇನೆ. ಹಾಗಿದ್ದರೆ ಕಳಿಸುವುದು ಏಕೆ?

ಚಿರತೆಯ ರಾತ್ರಿಯಂತೂ ನಾನು ಕೇಳಿಯೇಬಿಡಬೇಕು ಅಂದುಕೊಂಡೆ. 2024ರ ಕೊನೆಯ ದಿನ ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ಚಿರತೆ ಕಾಣಿಸಿಕೊಂಡದ್ದೂ, ನೌಕರರಿಗೆ ಮನೆಯಿಂದಲೇ ಕೆಲಸ ಮಾಡಿ ಎಂದದ್ದೂ ನಿಜ. ಅವತ್ತಿನಿಂದ ನಮ್ಮ ಬಡಾವಣೆಯಲ್ಲಿ ಕತ್ತಲಾದ ಮೇಲೆ ಓಡಾಡುವ ನಾಯಿಗಳಿಗೆಲ್ಲ ಬಡ್ತಿ ಸಿಕ್ಕಿದೆ. ಒಂದು ರಾತ್ರಿ ಒಂಬತ್ತೂಮುಕ್ಕಾಲಿಗೆ ರಾಯರಿಂದ ಒಂದು ವಿಡಿಯೋ ಬಂತು. ಸಾಲು ಅಂಗಡಿಗಳ ಮುಂದೆ ಚಿರತೆಯೊಂದು ಬಾಡಿಗೆ ವಸೂಲಿಗೆ ಬಂದ ಮಾಲೀಕನ ಹಾಗೆ ನಡೆದುಹೋಗುತ್ತಿದೆ. ಕೆಳಗೆ ಬರಹ: “ನಮ್ಮ ಏರಿಯಾ. ಮಕ್ಕಳನ್ನು ಹೊರಗೆ ಬಿಡಬೇಡಿ.”

“ಅಯ್ಯೋ, ನಮ್ಮನೆಯವರು ವಾಕಿಂಗ್ ಹೋಗಿದಾರೆ” ಎಂದರು ಮೂರನೇ ಕ್ರಾಸಿನ ಮೇಡಂ.

“ಯಾವ ಕ್ರಾಸು? ಯಾವ ಕ್ರಾಸು?”

“ನಾನು ಅವತ್ತೇ ಹೇಳಿದ್ದೆ, ನಮ್ಮ ಸೀಬೆಮರದ ಕೆಳಗೆ ಏನೋ ಕೂತಿತ್ತು. ಯಾರೂ ಕೇಳಲಿಲ್ಲ.”

ನಾನು ವಿಡಿಯೋ ನಿಲ್ಲಿಸಿ, ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಅಂಗಡಿಯ ಫಲಕದಲ್ಲಿ ದೇವನಾಗರಿ ಅಕ್ಷರ, ಕೊನೆಗೆ ‘ಪುಣೆ’ ಎಂದಿದೆ. “ರಾಯರೇ, ಬೋರ್ಡು ಮರಾಠಿಯಲ್ಲಿದೆ” ಎಂದು ಹಾಕಿದೆ. ರಾಯರು ಟೈಪ್ ಮಾಡುತ್ತಿದ್ದಾರೆ, ಟೈಪ್ ಮಾಡುತ್ತಿದ್ದಾರೆ ಎಂದು ಎರಡು ನಿಮಿಷ ತೋರಿಸಿತು. ಬಂದದ್ದು ಎರಡೇ ಪದ: “ಬಂತು, ಕಳಿಸಿದೆ.”

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಷ್ಟರಲ್ಲಿ ಆಗ ತಾನೇ ಫೋನು ತೆರೆದ ನಿವೃತ್ತ ಇಂಜಿನಿಯರರೊಬ್ಬರು, “ಮೈಸೂರಲ್ಲಿ ಮರಾಠಿ ಬೋರ್ಡು ಹಾಕೋಕೆ ಬಿಟ್ಟಿದ್ದು ಯಾರು?” ಎಂದು ಗುಡುಗಿದರು. ತಗೊಳ್ಳಿ. ನಾಮಫಲಕದಲ್ಲಿ ಶೇಕಡ 60 ಕನ್ನಡ ಇರಬೇಕೆಂಬ ಕಾನೂನು ಹೊರಬಂತು. ಶೇಕಡ 60 ಎಂದರೆ ಅಕ್ಷರದ ಎಣಿಕೆಯೋ ಜಾಗದ ಅಳತೆಯೋ ಎಂದು ಒಬ್ಬರು ಕೇಳಿದರು. ಅಳತೆಯ ಮಾತು ಬಂದದ್ದೇ ತಡ, ಹಾಲಿನ ಪ್ಯಾಕೆಟ್ಟಿಗೆ 2024ರ ಜೂನಿನಲ್ಲಿ ಎರಡು ರೂಪಾಯಿ ಏರಿಸಿ ಐವತ್ತು ಮಿಲಿ ಸೇರಿಸಿದ್ದೂ, ಮುಂದಿನ ಏಪ್ರಿಲಿನಲ್ಲಿ ದರ ಮತ್ತೆ ಏರಿಸಿ ಆ ಐವತ್ತು ಮಿಲಿಯನ್ನು ವಾಪಸು ತಗೊಂಡದ್ದೂ ಚರ್ಚೆಗೆ ಬಂತು. ಐವತ್ತು ಮಿಲಿಯಲ್ಲಿ ಎಷ್ಟು ಲೋಟ ಕಾಫಿ ಆಗುತ್ತದೆ ಎಂಬ ಬಗ್ಗೆ ಎರಡು ಪಕ್ಷವಾಯಿತು. ಚಿರತೆ ಪುಣೆಯಲ್ಲೇ ಉಳಿಯಿತು. ಹತ್ತೂಮುಕ್ಕಾಲಿಗೆ ಮೂರನೇ ಕ್ರಾಸಿನ ಮೇಡಂ ಅವರ ಯಜಮಾನರು ಗುಂಪಿನಲ್ಲೇ ಬರೆದರು: “ನಾನು ಗೇಟಿನ ಹತ್ರ ಇದೀನಿ. ಚಿಲಕ ತೆಗಿ.”

ನಗುವಂಥದ್ದೇ. ಆದರೆ ಒಂದು ವಿಷಯಕ್ಕೆ ನನಗೆ ಈಗಲೂ ನಗು ಬರುವುದಿಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶಗಳು ಇದೇ ದಾರಿಯಲ್ಲಿ ಊರೂರು ತಿರುಗಿದವು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟ ತಪ್ಪಿಗೆ, ಹೈದರಾಬಾದಿನ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆಗೆ ಕಳಿಸಬಹುದು ಎಂಬ ಮಿತಿಯನ್ನು ವಾಟ್ಸಾಪು ನಮ್ಮ ದೇಶದಲ್ಲಿ ತಂದದ್ದು ಆ ತಿಂಗಳಲ್ಲೇ. ಆ ಕಳ್ಳರ ಧ್ವನಿಮುದ್ರಿಕೆ ನಮ್ಮ ಗುಂಪಿಗೂ ಬಂದಿತ್ತು, ತಂದವರು ಯಾರೆಂದು ಹೇಳಬೇಕಿಲ್ಲ. ಮುರ್ಕಿಯ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ರಾಯರು ಒಂದು ವಾರ ಗುಲಾಬಿ ಬಿಟ್ಟು ಬೇರೇನನ್ನೂ ಕಳಿಸಲಿಲ್ಲ. ಆ ವಿಷಯ ನಾವ್ಯಾರೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಎಂಟನೆಯ ದಿನ ಬಾಳೆದಿಂಡಿನ ರಸ ಬಂತು, ಮೂತ್ರಪಿಂಡದ ಕಲ್ಲಿಗೆ. 2020ರ ಏಪ್ರಿಲಿನಲ್ಲಿ ವಾಟ್ಸಾಪಿನವರು ಆ ಮಿತಿಯನ್ನು ಇನ್ನೂ ಬಿಗಿ ಮಾಡಿದರು. ಬಹಳ ಕೈ ದಾಟಿದ, ಜೋಡಿ ಬಾಣದ ಗುರುತಿರುವ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಲು ಸಾಧ್ಯ. ಬೇರೆಯವರಾಗಿದ್ದರೆ ಬೇಸತ್ತು ಬಿಡುತ್ತಿದ್ದರು. ರಾಯರು ಮಗಳ ಮದುವೆಗೆ ಕರೆಯುವವರ ಹಾಗೆ ಒಂದೊಂದೇ ಮನೆ ಹಿಡಿದು ಕಳಿಸುತ್ತ ಹೋದರು. ಅಡ್ಮಿನ್ ಹುಡುಗ ಸಿಟ್ಟಾಗಿ, “ಫಾರ್ವರ್ಡ್ ಸಂದೇಶ ಹಾಕಬಾರದು” ಎಂದು ಏಳು ನಿಯಮ ಬರೆದು ಹಾಕಿದ. ರಾಯರಿಗೆ ಅದು ಚೆನ್ನಾಗಿ ಕಂಡಿತು. ಇನ್ನೂ ನಾಲ್ಕು ಗುಂಪಿಗೆ ಅದನ್ನು ಫಾರ್ವರ್ಡ್ ಮಾಡಿದರು.

ಕೊನೆಗೂ ಒಂದು ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಸಿಕ್ಕರು. ಕೇಳಿದೆ: “ರಾಯರೇ, ಕಳಿಸೋಕೆ ಮುಂಚೆ ಒಂದ್ಸಲ ಓದಿ ನೋಡಬಾರದಾ?”

ನಾನೇನೋ ಅಸಭ್ಯ ಮಾತಾಡಿದವನಂತೆ ನೋಡಿದರು.

“ನಾನು ಎಲ್ಲಿ ಕೆಲಸದಲ್ಲಿದ್ದೆ, ಗೊತ್ತಲ್ಲ?”

“ಪೋಸ್ಟಾಫೀಸು.”

“ಪೋಸ್ಟಾಫೀಸಲ್ಲ ಸಾರ್, ಆರ್‌ಎಂಎಸ್. ರೈಲ್ವೆ ಮೇಲ್ ಸರ್ವಿಸ್. ಸಾರ್ಟರ್. ಮೂವತ್ತಾರು ವರ್ಷ.”

ಎಂದವರೇ ಎಡಗೈಯಲ್ಲಿ ಇಲ್ಲದ ಕಾಗದದ ಕಟ್ಟೊಂದನ್ನು ಹಿಡಿದು, ಬಲಗೈಯಿಂದ ಒಂದೊಂದನ್ನೇ ಗಾಳಿಗೆ ಎಸೆಯತೊಡಗಿದರು. ಇದು ಹಾಸನದ ಗೂಡು, ಇದು ಕಡೂರು, ಇದು ತಿಪಟೂರು. ಕಣ್ಣು ವಿಳಾಸದ ಮೇಲೆ, ಕೈ ಗೂಡಿನ ಕಡೆಗೆ, ಓಡುವ ಗಾಡಿಯಲ್ಲಿ, ರಾತ್ರಿ ಎರಡು ಗಂಟೆಯಲ್ಲಿ. ಎದುರಿಗೆ ಜೋಕಾಲಿಯಾಡುತ್ತಿದ್ದ ಮಗುವೊಂದು ಆಟ ನಿಲ್ಲಿಸಿ ಅವರನ್ನೇ ನೋಡಿತು. ಎಪ್ಪತ್ತು ದಾಟಿದ ಆ ಕೈಗಳು ಅಷ್ಟು ಚುರುಕು ಎಂದು ನನಗೆ ಗೊತ್ತಿರಲಿಲ್ಲ.

“ಇಷ್ಟು ಕಾಗದ ಈ ಕೈ ದಾಟಿ ಹೋಗಿದೆ. ಒಂದನ್ನ ಒಡೆದು ಓದಿದ್ರೆ ಕೇಳಿ. ಒಳಗೇನಿದೆ ಅಂತ ನೋಡೋನು ಸಾರ್ಟರ್ ಅಲ್ಲ ಸಾರ್, ಕಳ್ಳ.”

ಇದಕ್ಕೆ ನಾನು ಏನು ಹೇಳಲಿ? ವಾಟ್ಸಾಪಿಗೂ ಅಂಚೆಗೂ ವ್ಯತ್ಯಾಸವಿದೆ, ಅಲ್ಲಿ ಕಾಗದದ ಮೇಲೆ ಇನ್ನೊಬ್ಬರ ಹೆಸರಿರುತ್ತದೆ, ಇಲ್ಲಿ ನಿಮ್ಮ ಹೆಸರಲ್ಲೇ ಹೋಗುತ್ತದೆ ಎಂಬುದು ನನಗೆ ಹೊಳೆದದ್ದು ಮನೆಗೆ ಬಂದು ಚಪ್ಪಲಿ ಬಿಡುವಾಗ.

2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲಿ ವಿಲೀನ ಮಾಡುತ್ತಾರೆ ಎಂಬ ಸುದ್ದಿ ಬಂದಾಗ ಅದಕ್ಕೂ ಒಂದು ಬಾಲ ಅಂಟಿಕೊಂಡಿತ್ತು, ಕೆಂಪು ಅಂಚೆ ಪೆಟ್ಟಿಗೆಗಳನ್ನೆಲ್ಲ ಕಿತ್ತು ಹಾಕುತ್ತಾರೆ ಎಂದು. ಅದು ಸುಳ್ಳು. ನಮ್ಮ ಗುಂಪಿನಲ್ಲೂ ಬಂತು. ವಿಚಿತ್ರವೆಂದರೆ ಕಳಿಸಿದವರು ರಾಯರಲ್ಲ, ಇನ್ಯಾರೋ. ರಾಯರು ಆ ದಿನವೆಲ್ಲ ಏನನ್ನೂ ಕಳಿಸಲಿಲ್ಲ. ಬೆಳಗ್ಗೆ ಗುಲಾಬಿಯೂ ಇರಲಿಲ್ಲ. ರಾತ್ರಿ ಹನ್ನೊಂದೂಕಾಲಿಗೆ ‘ಟಿಣ್’ ಎಂದಿತು.

“ರಿಜಿಸ್ಟರ್ ಕಾಗದದ ಚೀಲ ಬೇರೆ ಇರುತಿತ್ತು ಅದಕ್ಕೆ ಲೆಕ್ಕ ಉಂಟು. ಅರಸೀಕೆರೆಯಲ್ಲಿ ಗಾಡಿ ನಿಂತಾಗ ಟೀಗೆ ಇಳಿಯುವ ಮುಂಚೆ ಎಣಿಸಬೇಕು. ಒಂದು ರಾತ್ರಿ ಒಂದು ಕಡಿಮೆ ಬಂತು. ಯಾರೂ ಟೀಗೆ ಇಳಿಯಲಿಲ್ಲ. ಚೀಲ ಎಲ್ಲ ತಿರುವಿ ಹಾಕಿ ಹುಡುಕಿದೆವು ಬೆಳಗಿನ ಜಾವ ಗೂಡಿನ ಹಲಗೆಯ ಹಿಂದೆ ಸಿಕ್ಕಿತು. ಕಡೂರಿನ ಹತ್ತಿರ ಒಂದು ಹಳ್ಳಿಯ ಹುಡುಗನ ಹೆಸರಿಗೆ ಇತ್ತು, ಕೆಲಸದ ಆರ್ಡರ್ ಇರಬಹುದು ಅಂತ ನಮ್ಮ ಅಂದಾಜು. ಗೊತ್ತಿಲ್ಲ ಒಡೆಯುವ ಹಾಗಿಲ್ಲ. ತಲುಪಿತು ಅಂತ ಕಾರ್ಡ್ ವಾಪಸ್ ಹೋಗುವಾಗ ನನ್ನ ಕೈಗೇ ಬಂತು. ಹುಡುಗನ ರುಜು ನೋಡಿದೆ. ದೊಡ್ಡ ಅಕ್ಷರ.”

ಎರಡು ಸಲ ಓದಿದೆ. ಮೇಲೆ ಬಾಣದ ಗುರುತಿಲ್ಲ, ಜೋಡಿ ಬಾಣವೂ ಇಲ್ಲ, ಒಂಟಿ ಬಾಣವೂ ಇಲ್ಲ. ಹತ್ತು ವರ್ಷದಲ್ಲಿ ಮೊದಲ ಸಲ. ಇದನ್ನು ಹೇಳೋಣವೆಂದು ನಾನು ಅಕ್ಷರ ಹುಡುಕುತ್ತಿರುವಾಗಲೇ ಕೆಳಗೆ ಉತ್ತರಗಳು ಬಂದವು. ಒಂದು ಹೆಬ್ಬೆರಳು. ಇನ್ನೊಂದು ಹೆಬ್ಬೆರಳು. “ನಾಳೆ ಕರೆಂಟ್ ಇಲ್ವಂತೆ, ಹೌದಾ?” ಎಂದು ಒಬ್ಬರು. ಆಮೇಲೆ ಅಡ್ಮಿನ್ ಹುಡುಗ, ಪಾಪ, ಮರ್ಯಾದೆಯಿಂದಲೇ ಬರೆದ: “ಚೆನ್ನಾಗಿದೆ ಸಾರ್. ಆದ್ರೆ ಇಂಥದ್ದೆಲ್ಲ ಫೇಕ್ ಇರುತ್ತೆ, ಚೆಕ್ ಮಾಡಿ ಹಾಕಿ. ಎಲ್ಲಿಂದ ಬಂತು ಇದು?”

ರಾಯರು ಟೈಪ್ ಮಾಡುತ್ತಿದ್ದಾರೆ ಎಂದು ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಬಹಳ ಹೊತ್ತು ತೋರಿಸಿತು.

“ಬಂತು, ಕಳಿಸಿದೆ.”