ದ್ವೀಪವಸತಿ ಮೀಮಾಂಸೆ

ಯಾವ ಶಾಸ್ತ್ರವನ್ನೇ ಎತ್ತಿಕೊಳ್ಳಲಿ, ಮೊದಲು ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಪ್ರಕೃತ ಶಾಸ್ತ್ರದ ವಿಷಯ ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ ಒಂದು ಕೋಣೆ. 2018ರ ಡಿಸೆಂಬರಿನಲ್ಲಿ ಆ ದ್ವೀಪದ ಹೆಸರು ಸ್ವರಾಜ್ ದ್ವೀಪವಾಯಿತು. ಪ್ರವಾಸಿಗಳ ಬಾಯಲ್ಲಿ ಇನ್ನೂ ಹ್ಯಾವ್‌ಲಾಕೇ. ಪ್ರಯೋಜನ, ಎರಡು ರಾತ್ರಿಯ ನಿದ್ದೆ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು, ಎಲ್‌ಟಿಸಿ ಎಂಬ ಪ್ರವಾಸಭತ್ಯೆ ಮಂಜೂರಾದ ಕೇಂದ್ರ ಸರಕಾರಿ ನೌಕರ. ಮಂಜೂರಾಗದವನು ಓದಿದರೆ ಫಲ ಬರೀ ಹೊಟ್ಟೆಯುರಿ. ಉಳಿದದ್ದು ಸಂಬಂಧ. ಕೋಣೆಗೂ ಕಡಲಿಗೂ ಇರುವುದು ನೂಲಿಗೂ ಬಟ್ಟೆಗೂ ಇರುವಂಥ ಬಿಡಿಸಲಾಗದ ಸಮವಾಯವೋ, ಬಂದು ಹೋಗುವ ಸಂಯೋಗವೋ? ಬಾಡಿಗೆಯೆಲ್ಲ ಇದರ ಮೇಲೆಯೇ ನಿಂತಿದೆ.

ಇಲ್ಲಿ ಪೂರ್ವಪಕ್ಷಿಯೊಬ್ಬ ಏಳುತ್ತಾನೆ. ‘ಹ್ಯಾವ್‌ಲಾಕಿನ ರಾಧಾನಗರ ಬೀಚಿಗೆ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದ್ದು 2020ರಲ್ಲಿ. ಅದೇ ವರ್ಷ ನಮ್ಮ ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ ಸಿಕ್ಕಿತು. ಅಲ್ಲಿಗೆ ಬಸ್ಸಿದೆ, ಇಳಿದರೆ ನೀರುದೋಸೆ ಇದೆ. ವಿಮಾನವೇಕೆ, ಹಡಗೇಕೆ?’ ವಾದ ಬಲವಾಗಿದೆ. ಆದರೆ ಬಸ್ಸು ಹೋಗುವಲ್ಲಿಗೆ ನೆಂಟರೂ ಹೋಗುತ್ತಾರೆ ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಲಾಗಿದೆ.

ಈಗ ಪ್ರಮಾಣವಿಚಾರ. ಫೋಟೋದಲ್ಲಿ ಕಂಡದ್ದೆಲ್ಲ ಪ್ರತ್ಯಕ್ಷ ಎಂಬುದು ನವ್ಯರಾದ ಆನ್‌ಲೈನ್‌ವಾದಿಗಳ ಮತ. ಹಾಗಾದರೆ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿಯೋಣ. ಬಿಳಿ ಹಾಸಿಗೆ. ಅದರ ಮೇಲೆ ಟವೆಲನ್ನು ತಿರುಚಿ ಮಾಡಿದ ಎರಡು ಹಂಸ, ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡು. ನಡುವೆ ಒಂದು ದಾಸವಾಳ. ಎಲ್ಲ ಫೋಟೋದಲ್ಲೂ ಹಂಸಗಳಿವೆ, ಒಂದರಲ್ಲೂ ಬಚ್ಚಲಿಲ್ಲ. ಇಂಥಲ್ಲಿ ನೆರವಿಗೆ ಬರುವುದು ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದು ಹೇಗೆ ತಿಳಿಯುತ್ತೇವೋ, ಹಾಗೆ ಬಚ್ಚಲನ್ನು ತೋರಿಸಿಲ್ಲವೆಂದರೆ ಅದು ತೋರಿಸುವ ಹಾಗಿಲ್ಲವೆಂದು ತಿಳಿಯತಕ್ಕದ್ದು. ಗೀಸರು ಇಲ್ಲವೆಂಬುದು ಅನುಪಲಬ್ಧಿಯಿಂದಲೇ, ಅಂದರೆ ಕಾಣದಿರುವುದರಿಂದಲೇ, ಸಿದ್ಧ.

ಶಬ್ದಪ್ರಮಾಣಕ್ಕೆ ಆಪ್ತವಾಕ್ಯ ಬೇಕು. ಈ ಕಾಲದ ಆಪ್ತನೆಂದರೆ ಹೋದ ವರ್ಷ ಹೋಗಿಬಂದ ಷಡ್ಡಕ. ‘ಕಣ್ಣುಮುಚ್ಚಿ ಬುಕ್ ಮಾಡ್ರೀ ಭಾವ, ಊಟ ಥೇಟ್ ಮನೆಯೂಟ’ ಎನ್ನುತ್ತಾನೆ. ವಾಕ್ಯ ಸುಳ್ಳಲ್ಲ. ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರನ್ನು ಸರಕಾರ ಈ ದ್ವೀಪದಲ್ಲಿ ನೆಲೆಗೊಳಿಸಿತು. ಊರುಗಳ ಹೆಸರು ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ ಎಂದಿರುವುದನ್ನು ಗಮನಿಸಿ. ಆದ್ದರಿಂದ ಮನೆಯೂಟವೇ, ಮನೆ ಮಾತ್ರ ಬಂಗಾಳಿಯದು, ಅನ್ನದ ಪಕ್ಕದಲ್ಲಿ ಮೀನು. ಹೆಸರನ್ನು ನಂಬಿ ಸಾರು, ಪಲ್ಯ, ಮಜ್ಜಿಗೆಯನ್ನು ಅನುಮಾನಿಸಿದ ಮಾಧ್ವ ದಂಪತಿಗಳು ಬಿಸ್ಕತ್ತಿನಲ್ಲಿ ಏಕಾದಶಿ ಮುಗಿಸುವರು.

ಇನ್ನು ಮುಖ್ಯವಾದ ‘ಸೀ ವ್ಯೂ’ ಪ್ರಕರಣ. ಹ್ಯಾವ್‌ಲಾಕಿನ ಬೀಚುಗಳನ್ನು ನಂಬರಿನಿಂದ ಕರೆಯುವುದು ವಾಡಿಕೆ. ಲಾಡ್ಜುಗಳು ಹೆಚ್ಚಾಗಿ ಇರುವುದು ಪೂರ್ವದ ದಂಡೆಯಲ್ಲಿ, 3ನೇ ನಂಬರಿನ ಗೋವಿಂದನಗರ, 5ನೇ ನಂಬರಿನ ವಿಜಯನಗರದ ಕಡೆ. ಅಲ್ಲಿ ಕಡಲು ಆಳವಿಲ್ಲ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಇಳಿತದ ಹೊತ್ತಿಗೆ ನೀರು ಎಷ್ಟೋ ದೂರ ಹಿಂದೆ ಹೋಗಿ, ಕಿಟಕಿಯೆದುರು ಸತ್ತ ಹವಳದ ಚೂರು, ಪಾಚಿಗಟ್ಟಿದ ಕಲ್ಲು, ಮಗ್ಗುಲಾಗಿ ಮಲಗಿದ ದೋಣಿ ಉಳಿಯುತ್ತವೆ. ಇದರಿಂದ ಕೋಣೆಗೂ ಕಡಲಿಗೂ ಇರುವುದು ಬರೀ ಸಂಯೋಗ, ಅದೂ ಹೊತ್ತುಗೊತ್ತಿನದು ಎಂದು ನಿರ್ಣಯವಾಯಿತು. ಬಾಡಿಗೆಗೆ ಮಾತ್ರ ಭರತವುಂಟು, ಇಳಿತವಿಲ್ಲ. ಡಿಸೆಂಬರಿನಲ್ಲಂತೂ ಕೇಳಲೇಬೇಡಿ.

ಎಲ್ಲರೂ ಫೋಟೋ ನೋಡಿ ಮರುಳಾದ ರಾಧಾನಗರವೋ 7ನೇ ನಂಬರು, ಪಶ್ಚಿಮಕ್ಕೆ. ಜೆಟ್ಟಿಯಿಂದ ಸುಮಾರು 12 ಕಿ.ಮೀ. ಅಲ್ಲಿ ಕೋಣೆಗಳು ಕಡಿಮೆ, ಇರುವವು ದುಬಾರಿ. 5ರಲ್ಲಿ ಮಲಗಿ 7ರಲ್ಲಿ ಸೂರ್ಯಾಸ್ತ ನೋಡುವವನು ಆಟೋ ಹಿಡಿಯಲೇಬೇಕು, ಬೇಗ ಹಿಡಿಯಬೇಕು. ಗಡಿಯಾರ ನಮ್ಮದೇ ಆದರೂ ದ್ವೀಪ ಬಹಳ ಪೂರ್ವಕ್ಕಿರುವುದರಿಂದ ಡಿಸೆಂಬರಿನಲ್ಲಿ ಸಂಜೆ 5ರ ಆಸುಪಾಸಿಗೇ ಸೂರ್ಯ ಮುಳುಗಿರುತ್ತಾನೆ. ಮಧ್ಯಾಹ್ನದ ನಿದ್ದೆ ಮುಗಿಸಿ ಕಾಫಿ ಕುಡಿದು ಹೊರಡುವ ಬೆಂಗಳೂರಿನ ಸಂಪ್ರದಾಯಕ್ಕೆ ಇದು ನೇರ ವಿರುದ್ಧ.

ಹಿಡಿಸದಿದ್ದರೆ ಬೇರೆ ಊರಿಗೆ ಹೋದರಾಯಿತು ಎಂಬ ಕೊನೆಯ ಆಕ್ಷೇಪ ಬಾಲಿಶ. ಕತ್ತಲಾದ ಮೇಲೆ ಹಡಗಿಲ್ಲ. ಸಿಕ್ಕಿದ ಕೋಣೆಯಲ್ಲಿ, ಸಿಕ್ಕಿದ ಹಂಸಗಳ ಜೊತೆ ಮಲಗುವುದೇ ಗತಿ.

ಆದಕಾರಣ ಅಧಿಕಾರಿಗಳಲ್ಲಿ ವಿನಂತಿ: ಹಡಗಿನ ಟಿಕೆಟ್ಟು ಖಚಿತವಾದ ಮೇಲೆಯೇ ಕೋಣೆ ಹಿಡಿಯಿರಿ. ಮುಂಗಡ ಕಳಿಸುವ ಮೊದಲು ಲಾಡ್ಜಿಗೆ ಫೋನ್ ಮಾಡಿ, ಬೀಚು ಎಷ್ಟನೇ ನಂಬರು ಎಂದು ಕೇಳಿ, ಇಳಿತದ ಹೊತ್ತಿನಲ್ಲಿ ಕಿಟಕಿಯಿಂದ ತೆಗೆದ ಒಂದು ಫೋಟೋ ತರಿಸಿಕೊಳ್ಳಿ. ಬಚ್ಚಲಿನದೂ ಒಂದಿರಲಿ.