ಗ್ಲೂಕೋಸ್ ಭಾವ

ಪ್ರತಿ ಮನೆತನಕ್ಕೂ ಒಬ್ಬ ಗ್ಲೂಕೋಸ್ ಭಾವ ಇರುತ್ತಾನೆ. ಅವನು ರೋಗಿಯಲ್ಲ, ಡಾಕ್ಟರೂ ಅಲ್ಲ. ರೋಗಿಯನ್ನು ಆಟೋದಿಂದ ಇಳಿಸುತ್ತಲೇ ‘ಒಂದು ಬಾಟ್ಲಿ ಹಾಕ್ಬಿಡಿ ಸಾರ್, ತುಂಬಾ ಸುಸ್ತಾಗಿದ್ದಾರೆ’ ಎಂದು ಚಿಕಿತ್ಸೆಯನ್ನು ತಾನೇ ತೀರ್ಮಾನಿಸಿಬಿಡುವವನು. ಹುಬ್ಬಳ್ಳಿ ಕಡೆ ಇದೇ ಮನುಷ್ಯ ‘ಒಂದ್ ಸಲಾಯಿನ್ ಹಚ್ಚಿಬಿಡ್ರೀ’ ಅನ್ನುತ್ತಾನೆ. ಮಾತು ಬೇರೆ, ಭಕ್ತಿ ಒಂದೇ. ಕಾಯಿಲೆಯ ತೂಕ ಅವನಿಗೆ ಗೊತ್ತಾಗುವುದು ಬಾಟ್ಲಿಗಳ ಲೆಕ್ಕದಲ್ಲಿ. ‘ನಮ್ಮ ದೊಡ್ಡಪ್ಪನಿಗೆ ಐದು ಏರಿಸಿದ್ರು’ ಎಂದರೆ ದೊಡ್ಡಪ್ಪ ಸಾಮಾನ್ಯ ಕುಳವಲ್ಲ ಎಂದರ್ಥ. ವಿಟಮಿನ್ ಬೆರೆಸಿದ ಹಳದಿ ಬಾಟ್ಲಿ ತೂಗಿತೋ, ಮದುವೆ ಊಟದಲ್ಲಿ ಕೇಳದೆಯೇ ಎರಡನೇ ಹೋಳಿಗೆ ಬಿದ್ದಷ್ಟು ಸಮಾಧಾನ.

ಇವನನ್ನು ತಿಳಿಗೇಡಿ ಎಂದು ನಕ್ಕು ಮುಗಿಸುವುದು ಸರಿಯಲ್ಲ. ಇವನಷ್ಟು ಸೂಕ್ಷ್ಮವಾಗಿ ಗಮನಿಸುವವರು ಇಡೀ ವಾರ್ಡಿನಲ್ಲಿ ಇರಲಾರರು. ಹನಿ ನಿಧಾನವಾಯಿತೆಂದು ಮೊದಲು ಕಾಣುವುದು ಅವನಿಗೆ. ಕೊಳವೆಯೊಳಗೆ ಸಾಸಿವೆ ಗಾತ್ರದ ಗುಳ್ಳೆಯೊಂದು ತೇಲಿದರೆ ಅವನ ಎದೆ ಬಡಿತವೇ ಏರುತ್ತದೆ. ಉಗುರಿನಿಂದ ಟಕ್ ಟಕ್ ಎಂದು ಬಡಿದು ಅದನ್ನು ಮೇಲಕ್ಕೆ ಅಟ್ಟುವವರೆಗೆ ಕೂರುವುದಿಲ್ಲ. ಯಾರೂ ಇಲ್ಲದಾಗ ಪುಟ್ಟ ಚಕ್ರವನ್ನು ಹೆಬ್ಬೆರಳಿನಿಂದ ಒಂಚೂರು ಸಡಿಲಿಸುವುದೂ ಉಂಟು, ಇದು ಮಾತ್ರ ನಗುವ ವಿಷಯವಲ್ಲ. ತೊಂದರೆ ಇಷ್ಟೇ: ಇಷ್ಟೆಲ್ಲ ಜಾಣ ಕಣ್ಣು ನೆಟ್ಟಿರುವುದು ಕಂಬದ ಕೊಕ್ಕೆಯ ಮೇಲೆ. ನೋಡಬೇಕಾದದ್ದು ಮೂರಡಿ ಕೆಳಗೆ, ದಿಂಬಿನ ಮೇಲಿದೆ.

ಮೈಯ ನೀರು ಬತ್ತಿರುವುದು ಯಂತ್ರಕ್ಕಿಂತ ಮೊದಲು ಜೊತೆಗಿದ್ದವರಿಗೆ ತಿಳಿಯುವಂಥದ್ದು. ಮೂತ್ರಕ್ಕೆ ಕೊನೆಯ ಸಲ ಹೋದದ್ದು ಯಾವಾಗ, ಬಣ್ಣ ಹೇಗಿತ್ತು ಎಂದು ಡಾಕ್ಟರು ಕೇಳಿದರೆ ಭಾವ ತಡವರಿಸುತ್ತಾನೆ. ಬಾಟ್ಲಿ ಶುರುವಾದ ಹೊತ್ತು ಮಾತ್ರ ನಿಮಿಷದ ಸಮೇತ ನೆನಪಿದೆ. ಭೇದಿಯಾಗುತ್ತಿರುವ ಮಗುವಿನ ಕಣ್ಣು ಗುಳಿಬಿದ್ದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಕೂಸಿನ ನೆತ್ತಿ ಒಳಕ್ಕೆ ಇಳಿದಿದ್ದರೆ, ಲೋಟ ಕಂಡೊಡನೆ ಕಿತ್ತುಕೊಂಡು ಗಟಗಟ ಕುಡಿದರೆ ನೀರು ಇಳಿದಿದೆ, ಆದರೆ ಸಾಮಾನ್ಯವಾಗಿ ಬಾಯಿಂದಲೇ ತುಂಬಿಸಬಹುದು. ಅದೇ ಮಗು ರಚ್ಚೆ ನಿಲ್ಲಿಸಿ, ಕೊಟ್ಟದ್ದನ್ನೂ ಕುಡಿಯಲಾರದೆ ಜೋಂಪು ಹತ್ತಿದಂತೆ ಬಿದ್ದುಕೊಂಡರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ 2 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತರೆ, ಓಡಬೇಕಾದ ಹೊತ್ತು. ಭಾವ ‘ಸದ್ಯ, ಮಲಗಿತು’ ಎಂದು ಕಾಫಿಗೆ ಹೊರಡುವುದು ಸರಿಯಾಗಿ ಆವಾಗಲೇ. ಮುದುಕರ ವಿಷಯದಲ್ಲಿ ಈ ಚಿವುಟುವ ಪರೀಕ್ಷೆಯನ್ನು ನಂಬುವಂತಿಲ್ಲ, ಅವರ ಚರ್ಮ ಮೊದಲೇ ಸಡಿಲ; ಬಾಯಾರಿಕೆಯೂ ವಯಸ್ಸಿನೊಂದಿಗೆ ಮಂಕಾಗಿರುತ್ತದೆ. ಅಲ್ಲಿ ನೋಡಬೇಕಾದದ್ದು ಒಣಗಿದ ನಾಲಿಗೆ, ಎದ್ದು ನಿಂತಾಗ ಬರುವ ತಲೆಸುತ್ತು, ಮಾತಿನ ಎಡವಟ್ಟು. ನಿನ್ನೆಯವರೆಗೆ ಸೊಸೆಯ ತಪ್ಪುಗಳನ್ನೆಲ್ಲ ತಾರೀಖಿನ ಸಮೇತ ಒಪ್ಪಿಸುತ್ತಿದ್ದ ಅಜ್ಜಿ ಇವತ್ತು ಸೊಸೆಯ ಹೆಸರನ್ನೇ ತಪ್ಪಿದರೆ ‘ವಯಸ್ಸಾಯ್ತಲ್ಲ’ ಎಂದು ಭಾವ ತಳ್ಳಿಹಾಕುತ್ತಾನೆ. ಒಂದೇ ರಾತ್ರಿಯಲ್ಲಿ ಯಾರಿಗೂ ಅಷ್ಟೊಂದು ವಯಸ್ಸಾಗುವುದಿಲ್ಲ.

ಭಾವನ ಬಳಿ ಉತ್ತರವಿಲ್ಲದೆ ಇಲ್ಲ. ‘ಬಾಟ್ಲಿ ಹಾಕಿದ ಮೇಲೆ ಎದ್ದು ಕೂತರಲ್ಲ?’ ಎನ್ನುತ್ತಾನೆ. ನೀರು ನಿಜವಾಗಿ ಬತ್ತಿದ್ದವರು ಏಳುತ್ತಾರೆ, ಒಪ್ಪಬೇಕು. ತೀರಾ ಕೈಮೀರಿದಾಗ ರಕ್ತನಾಳದ ದಾರಿಯೇ ದಾರಿ. ಆದರೆ ಬರೀ ಸುಸ್ತಿಗೆ ಏರಿಸುವ ಅರ್ಧ ಲೀಟರಿನ 5 ಪರ್ಸೆಂಟ್ ಗ್ಲೂಕೋಸ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಭಾವ ಕ್ಯಾಂಟೀನಿನಲ್ಲಿ ಕುಡಿದು ಬರುವ ಎರಡು ಲೋಟ ಕಾಫಿಯಲ್ಲಿ ಇರುವಷ್ಟು. ಭೇದಿಯಲ್ಲಿ ಹರಿದುಹೋದ ಉಪ್ಪು ಅದರಲ್ಲಿಲ್ಲ. ಉಪ್ಪು, ಸಕ್ಕರೆ ಎರಡೂ ಅಳತೆಯಲ್ಲಿ ಸೇರಿದಾಗ ಕರುಳು ಎರಡನ್ನೂ ಒಟ್ಟಿಗೆ ಎಳೆದುಕೊಳ್ಳುತ್ತದೆ, ನೀರು ಅವುಗಳ ಬೆನ್ನುಹತ್ತಿ ಒಳಗೆ ಬರುತ್ತದೆ. ಓಆರ್‌ಎಸ್ ಪೊಟ್ಟಣದ ಗುಟ್ಟು ಇಷ್ಟೇ. 1971ರಲ್ಲಿ ಪಶ್ಚಿಮ ಬಂಗಾಳದ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಬಾಟ್ಲಿಗಳು ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸಕ್ಕರೆ ಬೆರೆಸಿದ ಇಂಥದೇ ನೀರನ್ನು ನಲ್ಲಿ ಇದ್ದ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಕುಡಿಸಿದವರು ಬಹುಮಟ್ಟಿಗೆ ರೋಗಿಗಳ ಜೊತೆಗಿದ್ದ ನೆಂಟರು, ಅಂದರೆ ಭಾವಂದಿರು. ಸಾವಿನ ಪ್ರಮಾಣ ಶೇ. 30ರ ಸುಮಾರಿನಿಂದ ಶೇ. 3.6ಕ್ಕೆ ಇಳಿಯಿತು. ಬಾಟ್ಲಿ ಇಲ್ಲದಿದ್ದಾಗ ಭಾವನ ಕಣ್ಣು ತಾನಾಗಿ ದಿಂಬಿನ ಕಡೆ ಇಳಿಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ‘ಕುಡಿಸಿದ್ದೆಲ್ಲ ಕಕ್ಕಿಬಿಡ್ತಾರೆ ಸಾರ್’ ಎನ್ನುವುದು ಅವನ ಎರಡನೇ ಬಾಣ. ಲೋಟವನ್ನು ಒಂದೇ ಸಲ ಬಗ್ಗಿಸಿದರೆ ಗಟ್ಟಿಮುಟ್ಟಾದವನೂ ಕಕ್ಕಿಯಾನು. ಹತ್ತು ನಿಮಿಷ ತಡೆದು, ಚಮಚ ಚಮಚವಾಗಿ ಕೊಡುತ್ತ ಹೋದರೆ ಹೆಚ್ಚಿನಂಶ ಒಳಗೇ ನಿಲ್ಲುತ್ತದೆ. ಅದಕ್ಕೆ ಮೂರು ಗಂಟೆ ಪಕ್ಕದಲ್ಲಿ ಕೂರಬೇಕು. ಬಾಟ್ಲಿಯ ಪಕ್ಕದಲ್ಲಿ ಅಷ್ಟು ಹೊತ್ತು ಕೂರುವ ತಾಳ್ಮೆ ಅವನಿಗೆ ಇದ್ದೇ ಇದೆ.

ತಪ್ಪೆಲ್ಲ ಅವನ ತಲೆಗೇ ಕಟ್ಟುವುದು ನ್ಯಾಯವಲ್ಲ. ಪೊಟ್ಟಣ ಬರೆದುಕೊಟ್ಟು ಕಳಿಸಿದ ಡಾಕ್ಟರಿಗೆ ‘ಇಷ್ಟಕ್ಕೇ ಫೀಸಾ?’ ಎನ್ನುವ ಊರಿನಲ್ಲಿ ಡಾಕ್ಟರೂ ಕೊನೆಗೆ ಕೊಕ್ಕೆಯನ್ನೇ ಹುಡುಕುತ್ತಾರೆ. ಪುಡಿ ಕಲಸಿದ ನೀರಿಗೆ ಗತ್ತಿಲ್ಲ, ಕಂಬಕ್ಕಿದೆ. ಕೊಳವೆ ಚುಚ್ಚಿಸಿಕೊಂಡು ಮಲಗಿದವರನ್ನು ನೋಡಲು ನೆಂಟರು ಕಿತ್ತಳೆ ಹಿಡಿದು ಬರುತ್ತಾರೆ. ಚಮಚದಲ್ಲಿ ನೀರು ಕುಡಿಯುತ್ತಿರುವವರನ್ನು ನೋಡಲು ಯಾರು ಬರುತ್ತಾರೆ? ಅಂತೂ ಕೊನೆಯ ಹನಿ ಬಿತ್ತು. ‘ಸಿಸ್ಟರ್, ಮುಗೀತು! ಸಿಸ್ಟರ್!’ ಎಂಬ ಕೂಗಿಗೆ ವಾರ್ಡೆಲ್ಲ ಎದ್ದು ಕೂರುತ್ತದೆ. ಮಂಚದ ಮೇಲಿನ ಅಜ್ಜಿಗೂ ಎಚ್ಚರವಾಗಿ, ಒಣಗಿದ ತುಟಿ ಸವರಿಕೊಂಡು ‘ಒಂದು ಗುಟುಕು ನೀರು ಕೊಡಪ್ಪ’ ಎನ್ನುತ್ತಾಳೆ. ಭಾವ ಖಾಲಿ ಬಾಟ್ಲಿಯ ಕಡೆ ಕೈ ತೋರಿಸುತ್ತಾನೆ: ‘ಈಗ ತಾನೇ ಅರ್ಧ ಲೀಟರ್ ಹೋಗಿದೆ ಅಜ್ಜಿ, ಇನ್ನೂ ಎಂಥ ನೀರು?’